ರಕ್ತ ಕಡಿಮೆ ಅನ್ನೋದು ಕಾಯಿಲೆಯ ಹೆಸರಲ್ಲ

ನಮ್ಮ ಕೂಡ್ಲಿಗಿ ಕಡೆ ದವಾಖಾನೆಗೆ ಹೋಗಿಬಂದವರನ್ನ "ಏನಂದ್ರು ಡಾಕ್ಟ್ರು?" ಅಂತ ಕೇಳಿ ನೋಡಿ. "ರಕ್ತ ಕಮ್ಮಿ ಐತಂತೆ" ಅನ್ನೋ ಉತ್ತರ ಎಷ್ಟೋ ಸಲ ಸಿಗುತ್ತೆ. ಅಲ್ಲಿಗೆ ಮುಗೀತು! ಕಬ್ಬಿಣದ ಮಾತ್ರೆ, ಒಂದು ಟಾನಿಕ್ಕು, ಜೊತೆಗೆ ದಾಳಿಂಬೆ, ಬೀಟ್‌ರೂಟು. ಕೊಟ್ಟೂರು, ಹಡಗಲಿ, ಹರಪನಹಳ್ಳಿ... ಎಲ್ಲಿ ಹೋದರೂ ಇದೇ ಮಾತು. ನನ್ನ ತಕರಾರು ಇಷ್ಟೇ: ರಕ್ತ ಕಡಿಮೆ ಆಗಿರೋದು ಲಕ್ಷಣ, ಕಾಯಿಲೆಯ ಹೆಸರಲ್ಲ. "ಸರ್ವರ್ ನಿಧಾನ ಆಗಿದೆ" ಅಂತ ಬರೆದು ಟಿಕೆಟ್ ಮುಚ್ಚಿದರೆ ನಮ್ಮ ಆಫೀಸಿನಲ್ಲಿ ಯಾರಾದ್ರೂ ಸುಮ್ಮನಿರ್ತಾರಾ?

ಹಾಗಂತ ಕಬ್ಬಿಣದ ಮಾತ್ರೆ ತಪ್ಪು ಅಂತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಬಹಳಷ್ಟು ಜನರಿಗೆ ಕಾರಣ ಕಬ್ಬಿಣದ ಕೊರತೆಯೇ. ಆದರೆ ಈ ಜಾತ್ರೆಯಲ್ಲಿ ಬೇರೆ ಕಾರಣ ಇರುವ ಒಬ್ಬರು ಸಿಕ್ಕಿಹಾಕಿಕೊಂಡರೆ ಅವರನ್ನು ಗುರುತಿಸೋರು ಯಾರು?

ಅಂಥದ್ದೊಂದು ಕಾಯಿಲೆ ಇಮ್ಯೂನ್ ಹೀಮೋಲಿಟಿಕ್ ಅನೀಮಿಯ. ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳೇ ನಮ್ಮ ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ನಾಶ ಮಾಡುತ್ತವೆ. ಸುಮಾರು 120 ದಿನ ಬಾಳಬೇಕಾದ ಕಣ ಕೆಲವೇ ದಿನಗಳಲ್ಲಿ ಸಾಯುತ್ತೆ. ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಂದ ಮೂವರಿಗೆ ಬರುವ ಅಪರೂಪದ ಕಾಯಿಲೆ. ಸುಸ್ತು, ಏದುಸಿರು, ಹಳದಿ ಕಣ್ಣು, ಕೆಲವರಿಗೆ ಕಪ್ಪು ಟೀ ಬಣ್ಣದ ಮೂತ್ರ. ಕಣ್ಣು ಹಳದಿ ಆದ ಕೂಡಲೇ ನಮ್ಮವರು "ಕಾಮಣಿ ಆಗೈತಿ" ಅಂತ ಬೇರಿನ ಔಷಧಿ ಹುಡುಕ್ತಾರೆ. ಅಮೂಲ್ಯ ದಿನಗಳು ಅಲ್ಲೇ ಕಳೆದುಹೋಗುತ್ತವೆ.

ಹಾಗಾದ್ರೆ ಪತ್ತೆ ಹಚ್ಚೋದು ಹೇಗೆ? ಮೊದಲ ಪ್ರಶ್ನೆ: ರಕ್ತ ತಯಾರಾಗ್ತಿಲ್ಲವೋ, ತಯಾರಾಗಿದ್ದು ಒಡೆದುಹೋಗ್ತಿದೆಯೋ? ಇದಕ್ಕೆ ರೆಟಿಕ್ಯುಲೊಸೈಟ್ ಅಂದರೆ ಎಳೆ ಕೆಂಪುಕಣಗಳನ್ನು ಎಣಿಸಬೇಕು. ಕಬ್ಬಿಣ ಅಥವಾ ಬಿ12 ಕೊರತೆ ಇದ್ದರೆ ಅಗತ್ಯಕ್ಕೆ ತಕ್ಕಷ್ಟು ಎಳೆ ಕಣ ಇರೋಲ್ಲ. ಕಣ ಒಡೆಯುತ್ತಿದ್ದರೆ ಮಜ್ಜೆ ಹಗಲುರಾತ್ರಿ ದುಡಿದು ಎಳೆಯವನ್ನೇ ಹೊರಗೆ ಕಳಿಸುತ್ತೆ, ಸಂಖ್ಯೆ ಸಾಮಾನ್ಯವಾಗಿ ಏರುತ್ತೆ. ಬಿ12 ಕೊರತೆಯಲ್ಲೂ ಕಣ್ಣು ಸ್ವಲ್ಪ ಹಳದಿ ಆಗಬಹುದು, ಎಲ್‌ಡಿಎಚ್ ಏರಬಹುದು. ಮೋಸ ಹೋಗದಂತೆ ಕಾಯೋದು ಈ ಎಣಿಕೆಯೇ. ಆಮೇಲೆ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಗಿನ ಸ್ಫೀರೊಸೈಟ್‌ಗಳು ಕಾಣಬಹುದು. ಬಿಲಿರುಬಿನ್‌ನಲ್ಲಿ ಇನ್‌ಡೈರೆಕ್ಟ್ ಭಾಗ ಹೆಚ್ಚು, ಹ್ಯಾಪ್ಟೊಗ್ಲೋಬಿನ್ ಕಡಿಮೆ.

ಆದರೆ ಹುಟ್ಟಿನಿಂದಲೇ ಸ್ಫೀರೊಸೈಟ್ ಇರುವ ವಂಶಪಾರಂಪರ್ಯ ಕಾಯಿಲೆಯೂ ಇದೆ. ಒಡೆಯುತ್ತಿರೋದು ಪ್ರತಿಕಾಯವೇ ಅಂತ ತೋರಿಸೋದು ಡೈರೆಕ್ಟ್ ಕೂಂಬ್ಸ್ ಟೆಸ್ಟ್. 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್, ಮೌರಂಟ್, ರೇಸ್ ಮೂವರೂ ಸೇರಿ ಪ್ರಕಟಿಸಿದ ಪರೀಕ್ಷೆ ಇದು. ರೋಗಿಯ ಕೆಂಪುಕಣಗಳನ್ನು ಸಲೈನಿನಲ್ಲಿ ಚೆನ್ನಾಗಿ ತೊಳೆದು, ಮನುಷ್ಯರ ಪ್ರತಿಕಾಯವನ್ನು ಹಿಡಿಯುವ ದ್ರಾವಣ ಹಾಕ್ತಾರೆ. ಕಣಗಳಿಗೆ ಪ್ರತಿಕಾಯ ಅಂಟಿದ್ದರೆ ಅವು ಒಂದಕ್ಕೊಂದು ಸೇರಿ ಗಂಟು ಕಟ್ಟುತ್ತವೆ. ಅಷ್ಟೇ! ನೆಗೆಟಿವ್ ಗುಂಪಿನ ಬಸುರಿಯರಿಗೆ ಮಾಡಿಸುವ ಐಸಿಟಿ ಇದೇ ಪರೀಕ್ಷೆಯ ಇನ್ನೊಂದು ರೂಪ. ಬ್ಲಡ್ ಬ್ಯಾಂಕಿನವರಿಗೆ ಹೊಸದೇನಲ್ಲ.

ಗಂಟು ಕಟ್ಟಿದ್ದು ಐಜಿಜಿಯಿಂದಲೋ, ಸಿ3ಡಿಯಿಂದಲೋ ಅಂತಲೂ ನೋಡಬೇಕು. ಮೊದಲನೆಯದು ಸಾಮಾನ್ಯವಾಗಿ ಬೆಚ್ಚಗಿನ ದೇಹದಲ್ಲಿ ಕೆಲಸ ಮಾಡುವ ಬಗೆ, ಸ್ಟೆರಾಯ್ಡ್‌ಗೆ ಬಗ್ಗುತ್ತೆ. ಸಿ3ಡಿ ಮಾತ್ರ ಸಿಕ್ಕರೆ ತಣ್ಣಗಾದಾಗ ಕೆರಳುವ ಬಗೆ ಇರಬಹುದು, ಅದಕ್ಕೆ ಸ್ಟೆರಾಯ್ಡ್ ಅಷ್ಟಾಗಿ ನಾಟೋಲ್ಲ. ಟೆಸ್ಟು ದೇವರಲ್ಲ ಅನ್ನೋದೂ ನೆನಪಿರಲಿ. ಆರೋಗ್ಯವಂತರಲ್ಲೂ ಅಪರೂಪಕ್ಕೆ ಪಾಸಿಟಿವ್ ಬರುತ್ತೆ. ನಿಜವಾದ ರೋಗಿಗಳಲ್ಲೂ ನೂರಕ್ಕೆ ಐದು-ಹತ್ತು ಮಂದಿಗೆ ನೆಗೆಟಿವ್ ಬರಬಹುದು. ಪಾಸಿಟಿವ್ ಬಂದಮೇಲೂ ಕೆಲಸ ಮುಗಿಯೋಲ್ಲ. ಲೂಪಸ್, ಲಿಂಫೋಮ, ಬಸುರಿಯರ ಬಿಪಿಗೆ ಕೊಡುವ ಮೀಥೈಲ್‌ಡೋಪದಂಥ ಮಾತ್ರೆ... ಮೂಲ ಎಲ್ಲಿದೆ ಅಂತ ಹುಡುಕಲೇಬೇಕು.

ನನ್ನನ್ನು ಹೆಚ್ಚು ಕಾಡೋದು ಕೊನೆಯ ವಿಷಯ. ಇಂಥ ರೋಗಿಗೆ ರಕ್ತ ಬೇಕಾದಾಗ ಯಾವ ಬಾಟಲಿಯೂ ಕ್ರಾಸ್‌ಮ್ಯಾಚ್ ಆಗದೇ ಇರಬಹುದು. ಮನೆಯವರು ಹೊಸಪೇಟೆ, ಬಳ್ಳಾರಿ, ದಾವಣಗೆರೆ ಅಂತ ರಕ್ತ ಹುಡುಕಿಕೊಂಡು ಅಲೆಯೋದಷ್ಟೇ ಬರುತ್ತೆ. ಆ ಪ್ರತಿಕಾಯ ಯಾರ ಕಣವನ್ನೂ ಬಿಡೋಲ್ಲ, ಹಾಗಾಗಿ ಊರೂರು ಸುತ್ತಿದರೂ ಉತ್ತರ ಅದೇ. "ಮ್ಯಾಚ್ ಆಗ್ತಿಲ್ಲ" ಅನ್ನೋದೇ ಒಂದು ಸುಳಿವು, ಆಗಲಾದರೂ ಕೂಂಬ್ಸ್ ಮಾಡಿಸಲಿ. ಜೀವಕ್ಕೆ ಅಪಾಯ ಇದ್ದರೆ ಇದ್ದುದರಲ್ಲೇ ವಾಸಿಯಾದ ರಕ್ತವನ್ನು ತಜ್ಞರ ನಿಗಾದಲ್ಲಿ ನಿಧಾನವಾಗಿ ಕೊಡಬಹುದು, ಕೊಡಬೇಕು ಕೂಡ. ಪರೀಕ್ಷೆಗೆ ಬೇಕಾದ ಸ್ಯಾಂಪಲ್ ಮಾತ್ರ ರಕ್ತ ಏರಿಸುವ ಮೊದಲೇ ತೆಗೆದಿಟ್ಟರೆ ಒಳ್ಳೆಯದು.

ಎಲ್ಲರಿಗೂ ಎಲ್ಲ ಟೆಸ್ಟೂ ಮಾಡಿ ಅಂತ ನಾನು ಹೇಳ್ತಿಲ್ಲ. ರಕ್ತ ಕಡಿಮೆ ಇದ್ದು ಕಣ್ಣೂ ಹಳದಿ ಇದ್ದರೆ, ದಿಢೀರನೆ ಹಿಮೋಗ್ಲೋಬಿನ್ ಇಳಿದರೆ, ಅಥವಾ ಒಂದು ತಿಂಗಳು ಸರಿಯಾಗಿ ಕಬ್ಬಿಣ ನುಂಗಿದರೂ ಏರದಿದ್ದರೆ ಸ್ಲೈಡು, ರೆಟಿಕ್ ಎಣಿಕೆ ಆಗಲೇಬೇಕು. ದೊಡ್ಡ ಯಂತ್ರ ಬೇಡ. ಸೂಕ್ಷ್ಮದರ್ಶಕ, ಬಣ್ಣ, ನೋಡುವ ಕಣ್ಣು ಸಾಕು. ಕೂಂಬ್ಸ್‌ಗೆ ಸ್ಯಾಂಪಲ್ ಕಳಿಸಬಹುದು. ಮತ್ತೆ ನಾವು? "ರಕ್ತ ಕಮ್ಮಿ ಐತಿ" ಅಂದಾಗ ತಲೆ ಆಡಿಸಿ ಬರೋ ಬದಲು "ಯಾಕೆ ಕಮ್ಮಿ ಆಗೈತಿ ಸಾರ್?" ಅಂತ ಒಂದು ಮಾತು ಕೇಳೋಣ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ನಿಮ್ಮ ಊರ ಕಡೆ ಹೇಗಿದೆ ಪರಿಸ್ಥಿತಿ? ನೀವೇನಂತೀರಿ?