ಗೂಢಚಾರನೇ ಇಲ್ಲದ ಗೂಢಚರ್ಯೆಯ ಕಥೆ

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1961ರ ಜನವರಿಯಲ್ಲಿ ಆರಂಭವಾದ ‘ದಿ ಅವೆಂಜರ್ಸ್’ ಧಾರಾವಾಹಿ ಎಂದೊಡನೆ ನೆನಪಾಗುವುದು ದುಂಡು ಟೋಪಿ ತೊಟ್ಟು, ಕೊಡೆ ಹಿಡಿದು ನಡೆಯುವ ಗುಪ್ತಚರ ಜಾನ್ ಸ್ಟೀಡ್. (ಅದೇ ಹೆಸರಿನ ಅಮೆರಿಕದ ಸಾಹಸ ಚಿತ್ರಗಳಿಗೂ ಇದಕ್ಕೂ ಸಂಬಂಧವಿಲ್ಲ.) ಆದರೆ ಅದೇ ವರ್ಷದ ಫೆಬ್ರುವರಿ 11ರಂದು ಪ್ರಸಾರವಾದ ‘ಗರ್ಲ್ ಆನ್ ದ ಟ್ರಪೀಜ್’ ಎಂಬ ಕಂತಿನಲ್ಲಿ ಸ್ಟೀಡ್ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ನದಿಗೆ ಬಿದ್ದ ಯುವತಿಯೊಬ್ಬಳ ಸಾವಿನಿಂದ ಡಾ. ಕೀಲ್ ಎಂಬ ವೈದ್ಯನಿಗೆ ಸಂಶಯ ಮೂಡುತ್ತದೆ. ಅವನೂ ಅವನ ನರ್ಸ್ ಕೆರೊಲ್‌ಳೂ ಆ ಎಳೆ ಹಿಡಿದು ಕಮ್ಯುನಿಸ್ಟ್ ದೇಶವೊಂದರ ಸರ್ಕಸ್ ತಂಡದವರೆಗೆ ಹೋಗುತ್ತಾರೆ; ವಿಜ್ಞಾನಿಯೊಬ್ಬನನ್ನು ಮಣಿಸಲು ಅವನ ಮಗಳನ್ನು ಬಂಧಿಸಿಟ್ಟ ಸಂಗತಿ ಬಯಲಾಗುತ್ತದೆ. ಮೊದಲ ವರ್ಷದ 26 ಕಂತುಗಳಲ್ಲಿ ಪೂರ್ಣವಾಗಿ ಉಳಿದಿರುವುದು ಮೂರೇ. ಅವುಗಳಲ್ಲಿ ಇದೂ ಒಂದಾಗಿರುವುದು ಅದೃಷ್ಟ.

ನಮ್ಮ ತಲೆಮಾರು ಬೆಳೆದದ್ದು ಬೇರೆ ಬಗೆಯ ಕಥೆಗಳಲ್ಲಿ. 1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದಿತು, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಕೂಡ. ಎರಡರಲ್ಲೂ ರಾಜ್‌ಕುಮಾರ್ ಒಬ್ಬರೇ ದೇಶವನ್ನು ಕಾಯುತ್ತಾರೆ. ಆ ಚಿತ್ರಗಳ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರೇಕ್ಷಕ ಅದನ್ನು ನಂಬಿದರೆ ನಷ್ಟವಿಲ್ಲ. ಆಡಳಿತವೂ ನಂಬಿದರೆ ಕಷ್ಟ.

ಕಾರವಾರ, ಅಂಕೋಲಾ ತಾಲ್ಲೂಕುಗಳಿಗೆ ಈ ಮಾತು ಬಹಳ ಹತ್ತಿರದ್ದು. ಕಾಳಿ ನದಿಯ ಕದ್ರಾ ಜಲಾಶಯದ ನೀರು ಕೈಗಾ ಅಣು ವಿದ್ಯುತ್ ಸ್ಥಾವರವನ್ನು ತಂಪಾಗಿಡುತ್ತದೆ. ಇತ್ತ ಕಡಲ ತೀರದಲ್ಲಿ 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಯಿದೆ. ಅಣೆಕಟ್ಟು, ಸ್ಥಾವರ, ನೌಕಾನೆಲೆ ಮೂರಕ್ಕೂ ನೆಲ ಬಿಟ್ಟುಕೊಟ್ಟವರು ಈ ಎರಡು ತಾಲ್ಲೂಕುಗಳ ಜನ. ಇಷ್ಟು ರಹಸ್ಯಗಳನ್ನು ಇಷ್ಟು ಕಿರಿದಾದ ಜಾಗದಲ್ಲಿ ಹೊತ್ತಿರುವ ಪ್ರದೇಶ ರಾಜ್ಯದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಇದ್ದ ಭಾರಜಲ ಬೆರೆತ ಸಂಗತಿ ಹೊರಬಿತ್ತು. ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಅಂಶ ಕಂಡುಬಂತು. ಒಳಗಿನವರದೇ ಕಿಡಿಗೇಡಿತನವೆಂದು ಆಗಲೇ ಶಂಕಿಸಲಾಯಿತು. ಅದನ್ನು ಮೊದಲು ಪತ್ತೆ ಹಚ್ಚಿದ್ದು ಯಾವ ಗುಪ್ತಚರನೂ ಅಲ್ಲ, ನೌಕರರಿಗೆ ವಾಡಿಕೆಯಂತೆ ಮಾಡುವ ಮೂತ್ರ ಪರೀಕ್ಷೆ. ಡಾ. ಕೀಲ್‌ಗೆ ಸಲ್ಲುವ ಕೆಲಸ ಅದು!

2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ದಳವು ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನಕ್ಕೆ ರವಾನಿಸಿದ ಆರೋಪದ ಮೇಲೆ ಈ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಸಾಮಾಜಿಕ ಜಾಲತಾಣದಲ್ಲಿ ಹೆಣ್ಣಿನ ಹೆಸರಿನಲ್ಲಿ ಬೆಳೆದ ಸ್ನೇಹ, ಹಣದ ಆಮಿಷ ಎಂಬುದು ದಳದ ಹೇಳಿಕೆ. ಅಪರಾಧ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಆ ವ್ಯಕ್ತಿಗಳ ಬಗ್ಗೆ ಮಾತನಾಡುವುದು ನನ್ನ ಕೆಲಸವಲ್ಲ. ಗಮನಿಸಬೇಕಾದದ್ದು ವಿಧಾನವನ್ನು. ಇಲ್ಲಿ ಸೂಕ್ಷ್ಮ ಕ್ಯಾಮೆರಾ ಇಲ್ಲ, ವೇಷಾಂತರವಿಲ್ಲ. ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಶತ್ರುವಿಗೆ ಮಾಹಿತಿಯ ಬೆಲೆ ಅಗ್ಗವಾಗಿದೆ. ಕೆಲಸ ಯಾವಾಗ ಹೋದೀತೋ ಎಂದು ಅಳುಕುತ್ತಿರುವ ಗುತ್ತಿಗೆ ಕಾರ್ಮಿಕನ ಬಳಿ ಅದು ಇನ್ನೂ ಅಗ್ಗ. ಇದು ಸಮರ್ಥನೆಯಲ್ಲ, ಲೆಕ್ಕಾಚಾರ. ಶತ್ರುವೂ ಇದೇ ಲೆಕ್ಕ ಹಾಕಿರುತ್ತಾನೆ.

ಇಂಥ ಘಟನೆಯ ನಂತರ ನಮ್ಮ ವ್ಯವಸ್ಥೆ ಮಾಡುವುದೇನು? ಇನ್ನೊಂದು ಬೇಲಿ, ಇನ್ನಷ್ಟು ಮೌನ. ಕಡತದ ಮೇಲೆ ‘ಗೋಪ್ಯ’ ಮುದ್ರೆಯೊತ್ತುವುದು ಎಷ್ಟು ಸುಲಭವೆಂದು ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ಗೊತ್ತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬ್ರಿಟಿಷರು ಬಿಟ್ಟುಹೋದದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ 22ನೇ ಕಲಮು ಅದನ್ನು ಮೀರಿ ನಿಲ್ಲುತ್ತದಾದರೂ ಕಚೇರಿಗಳ ಮನಸ್ಸು ಬದಲಾದಂತಿಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿತು. ಗೇಟು ಯಾವಾಗ ತೆರೆಯುತ್ತಾರೆ, ಎಷ್ಟು ನೀರು ಬರುತ್ತದೆ ಎಂಬುದು ಅಲ್ಲಿನವರಿಗೆ ಪ್ರಾಣದ ಪ್ರಶ್ನೆ. ತನಗೆ ಏನನ್ನೂ ಹೇಳದ ಸರ್ಕಾರಕ್ಕೆ ಊರಿನವನು ತಾನಾಗಿ ಬಂದು ಏನನ್ನಾದರೂ ಹೇಳುತ್ತಾನೆಂದು ನಿರೀಕ್ಷಿಸುವುದು ಹೇಗೆ?

ಸ್ಟೀಡ್‌ನಂಥವರು ಬೇಡವೆಂದಲ್ಲ, ತನಿಖಾ ದಳದ ಕೆಲಸವನ್ನು ಊರಿನವರು ಮಾಡಲಾರರು. ಆದರೆ ಮೊದಲ ಸಂಶಯ ಮೂಡುವುದು ಪಕ್ಕದಲ್ಲಿ ಕೆಲಸ ಮಾಡುವವನಿಗೆ, ಕೆಲವೊಮ್ಮೆ ಮನೆಯವರಿಗೆ. ಆ ಸಂಶಯವನ್ನು ಹೇಳಿಕೊಳ್ಳಲು ದಾರಿ ಬೇಕು. ಕೆಲಸಕ್ಕೆ ಸೇರುವ ದಿನವೇ ಗುತ್ತಿಗೆ ಕಾರ್ಮಿಕರಿಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ ಜಾಲತಾಣದ ಬಲೆ ಹೇಗಿರುತ್ತದೆಂದು ಒಂದು ಗಂಟೆ ವಿವರಿಸಲು ದೊಡ್ಡ ವೆಚ್ಚವಾಗದು. ಬಲೆಗೆ ಅರ್ಧ ಸಿಕ್ಕಿದವನು ಹಿಂದೆ ಬರಲು ಬಯಸಿದರೆ ಪೊಲೀಸ್ ಠಾಣೆಯೇ ಅವನ ಮೊದಲ ಮೆಟ್ಟಿಲಾಗಬಾರದು. ಕಾರ್ಮಿಕ ಕಲ್ಯಾಣಾಧಿಕಾರಿಯೊಬ್ಬರು ಕೇಳಿಸಿಕೊಳ್ಳುವಂತಿರಬೇಕು. ಅಪರಿಚಿತ ಖಾತೆಯಿಂದ ಬಂದ ಸಂದೇಶವನ್ನು ತಾನಾಗಿ ತಂದು ತೋರಿಸಿದವನ ಗೇಟ್ ಪಾಸ್ ಅದೇ ಕಾರಣಕ್ಕೆ ರದ್ದಾಗದೆಂಬ ಲಿಖಿತ ಭರವಸೆಯನ್ನೂ ಆ ದಿನವೇ ಅವನ ಕೈಗೆ ಕೊಡಬೇಕು.