ನಮ್ಮೂರನ್ನ ಬರೀ ಮೇ ತಿಂಗಳದಾಗ ನೋಡಿದವರಿಗೆ

(1/7)

ಮೊದಲನೇ ಫೋಟೊ ಮೇ ತಿಂಗಳದ್ದು. ಸ್ವೈಪ್ ಮಾಡ್ರಿ, ಎರಡನೇದು ಅಕ್ಟೋಬರ್‌ದು. ಜಾಗ ಒಂದೇ: ಶಹಾಪುರದ ಮಲಗಿದ ಬುದ್ಧ. ಮೊದಲನೇದರಲ್ಲಿ ಗುಡ್ಡ ಹಂಚಿನ ಮೇಲೆ ಮರೆತು ಬಿಟ್ಟ ರೊಟ್ಟಿ ಹಂಗ ಕಾಣ್ತದ. ಎರಡನೇದರಲ್ಲಿ ಅದೇ ಹಣೆ, ಅದೇ ಮೂಗು, ಅದೇ ಎದೆ, ಆದರೆ ಮೈತುಂಬ ಹಸಿರು ಹೊದ್ದು ಮಲಗಿದಂಗ.

ಈ ಎರಡು ಫೋಟೊ ಹಾಕೋಕೆ ಕಾರಣ ಬೆಂಗಳೂರಲ್ಲಿರೋ ನಮ್ಮ ದೊಡ್ಡಪ್ಪನ ಮಗಳು. ಅಕೀ ಕ್ಲಾಸ್‌ಮೇಟ್ಸ್ ಎಲ್ಲ ಸೇರಿ "ಇಂಡಿಯಾ ಸುತ್ತೋಕೆ ಬೆಸ್ಟ್ ಸೀಸನ್ ಯಾವುದು" ಅಂತ ಲಿಸ್ಟ್ ಮಾಡ್ತಿದ್ದರಂತೆ. ನನಗೂ ಕೇಳಿದಳು. ನಾನು ಸುಮ್ನೆ, "ನಮ್ಮ ಯಾದಗಿರಿನೂ ಸೇರಿಸು" ಅಂದೆ. ಅದಕ್ಕೆ ಅಕೀ ನಕ್ಕು, "ಯಾದಗಿರಿಗೆ ಸೀಸನ್ ಇದೆಯಾ? ಅಲ್ಲಿ ಬರೀ ಬಿಸಿಲಲ್ವಾ?" ಅಂದಳು.

ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಅಕೀ ಹುಟ್ಟಿದಾಗಿನಿಂದ ಊರಿಗೆ ಬಂದದ್ದೆಲ್ಲ ಏಪ್ರಿಲ್–ಮೇ ರಜೆಯಲ್ಲಿ. ಒಂದು ಸಲನೂ ಬೇರೆ ತಿಂಗಳಲ್ಲಿ ಬಂದಿಲ್ಲ. ಅಕೀ ಹೇಳಿದ್ದು ಸುಳ್ಳಲ್ಲ, ಅಕೀಗೆ ಕಂಡಿದ್ದೇ ಅಷ್ಟು. ತಪ್ಪು ಎಲ್ಲಿ ಅದ ಅನ್ನೋದೇ ಈ ಸೀರೀಸ್.

(2/7)

ಮೊದಲು ದೇಶದ ಮಾತು. "ಅಕ್ಟೋಬರ್‌ನಿಂದ ಮಾರ್ಚ್" ಅಂತ ಎಲ್ಲ ಕಡೆ ಒಂದೇ ಉತ್ತರ ಸಿಗುತ್ತದೆ. ನನ್ನ ಪ್ರಕಾರ ಇಡೀ ಭಾರತಕ್ಕೆ ಒಂದೇ ಒಳ್ಳೆ ಸೀಸನ್ ಅನ್ನೋದೇ ಇಲ್ಲ.

ನೋಡ್ರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮಲ್ಲಿ ಆಕಾಶ ತಿಳಿಯಾಗ್ತಾ ಬಂದರೆ, ಚೆನ್ನೈಗೆ ಆಗಲೇ ನಿಜವಾದ ಮಳೆಗಾಲ, ಯಾಕಂದ್ರೆ ಅವರ ಮಳೆ ಬರೋದು ಈಶಾನ್ಯ ಮಾರುತದಿಂದ. ದೆಹಲಿಯಲ್ಲಿ ನವೆಂಬರ್ ಅಂದ್ರೆ ಹೊಗೆ, ಜನವರಿ ಅಂದ್ರೆ ಮಂಜು. ಯಾದಗಿರಿ ಮೇಲೆ ಹಾದು ಹೋಗೋ ಕರ್ನಾಟಕ ಎಕ್ಸ್‌ಪ್ರೆಸ್ ಆ ದಿನಗಳಲ್ಲಿ ಯಾಕೆ ಲೇಟಾಗ್ತದ ಅಂತ ಸ್ಟೇಷನ್‌ನಲ್ಲಿ ಕೂತವರಿಗೆ ಗೊತ್ತು. ಜುಲೈನಲ್ಲಿ ಹಿಮಾಚಲದ ರಸ್ತೆಗಳ ಮೇಲೆ ಗುಡ್ಡ ಕುಸೀತಾವ, ಆದರೆ ಅದೇ ಹೊತ್ತಿಗೆ ಹಿಮಾಲಯದ ಆಚೆ ಬದಿಯ ಲಡಾಖ್‌ಗೆ ಅದೇ ಹೋಗಬೇಕಾದ ಕಾಲ, ಯಾಕಂದ್ರೆ ಮಳೆಮೋಡ ಅಲ್ಲಿಗೆ ದಾಟೋದು ಕಮ್ಮಿ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ನೋಡ್ರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ನಮಗೆ ಅದರ ಕಾಲು ಭಾಗವೂ ಇಲ್ಲ. ಜೋಗಕ್ಕೆ ಮೇ ರಜೆಯಲ್ಲಿ ಹೋದವರು ಬಂಡೆ ನೋಡಿ ಬರ್ತಾರ, ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಆಗಸ್ಟ್‌ನಲ್ಲಿ ಹೋದವರು 253 ಮೀಟರ್ ಎತ್ತರದಿಂದ ಬೀಳೋ ಶರಾವತಿ ನೋಡ್ತಾರ. ಬಂಡೆ ನೋಡಿ ಬಂದವರು "ಜೋಗದಲ್ಲಿ ಏನೂ ಇಲ್ಲ" ಅಂದ್ರೆ ನಾವು ಒಪ್ತೀವೇನು? ಇಲ್ಲ, "ತಪ್ಪು ಹೊತ್ತಿಗೆ ಹೋಗಿದ್ದೀರಿ" ಅಂತೀವಿ. ಹಂಗಿದ್ರೆ ಯಾದಗಿರಿಗೆ ಅದೇ ನ್ಯಾಯ ಯಾಕಿಲ್ಲ?

(3/7)

ನಮ್ಮೂರ ಕ್ಯಾಲೆಂಡರ್ ಹವಾಮಾನ ಇಲಾಖೆಯದ್ದಲ್ಲ, ನಮ್ಮ ಆಯಿ ಹೇಳೋದು. ರೋಹಿಣಿ, ಮಿರಗ ಅಂತ ಶುರುವಾಗಿ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ತನಕ. ಒಂದೊಂದು ಮಳೆಗೆ ಹದಿಮೂರು–ಹದಿನಾಲ್ಕು ದಿನ. ಜೂನ್ ಮೊದಲ ವಾರ ದಾಟಿದ ಮೇಲೆ ಮಿರಗ. ಆಗ ಒಂದು ಹದ ಮಳೆ ಬಿದ್ದರೆ ತೊಗರಿ, ಹತ್ತಿ ಬಿತ್ತೋಕೆ ಊರೇ ಹೊಲಕ್ಕೆ ಇಳೀತದ. ಆವಾಗ ನೆಂಟರು ಬಂದರೆ ಮಾತಾಡಿಸೋಕೂ ಯಾರೂ ಸಿಗಲ್ಲ.

ಮಳೆಗಾಲದಲ್ಲಿ ಬರೋರಿಗೆ ಗುರುಮಿಠಕಲ್ ಕಡೆ ನಜರಾಪುರ, ಚಿಂತನಹಳ್ಳಿಯ ಜಲಪಾತಗಳು ಅದಾವ. ಮಳೆ ಬಿದ್ದರಷ್ಟೇ ನೀರು, ಇಲ್ಲದಿದ್ರೆ ಕಲ್ಲು. ನಾರಾಯಣಪುರದ ಬಸವಸಾಗರ ಡ್ಯಾಮ್ ಗೇಟ್ ಎತ್ತಿದಾಗ, ಕೆಳಗಿನ ಛಾಯಾ ಭಗವತಿ ಹತ್ತಿರ ಕೃಷ್ಣೆಯ ಅಬ್ಬರ ನೋಡೋಕೂ ಜನ ಹೋಗ್ತಾರ.

ಆದರೆ ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಮ್ಮ ಹೊಳೆಗಳ ಮಳೆ ನಮ್ಮ ಆಕಾಶದಲ್ಲಿ ಇಲ್ಲ. ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ. ಸಹ್ಯಾದ್ರಿಯಲ್ಲಿ ಮಳೆ ಹೊಡೆದು ಕೊಯ್ನಾ, ಉಜನಿ ಕಡೆಯಿಂದ ನೀರು ಬಿಟ್ಟರೆ, ಇಲ್ಲಿ ಹನಿ ಬೀಳದಿದ್ದರೂ ಹೊಳೆ ಏರ್ತದ. 2019ರ ಆಗಸ್ಟ್‌ನಲ್ಲಿ ಕೊಳ್ಳೂರು ಸೇತುವೆ ಕೃಷ್ಣೆಯಲ್ಲಿ ಮುಳುಗಿತ್ತು. 2020ರ ಅಕ್ಟೋಬರ್‌ನಲ್ಲಿ ಭೀಮಾ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. "ಇವತ್ತು ಬಿಸಿಲದ, ಹೊಳೆಗೆ ಇಳಿಯೋಣ" ಅನ್ನೋ ಲೆಕ್ಕ ನಮ್ಮ ಕಡೆ ನಡೆಯಲ್ಲ. ಡ್ಯಾಮ್‌ನಿಂದ ನೀರು ಬಿಡೋ ಸುದ್ದಿ ಇದ್ದಾಗ ಕಲ್ಲಿನ ಮೇಲೆ ನಿಂತು ರೀಲ್ಸ್ ಮಾಡಬ್ಯಾಡ್ರಿ. ಲೈಕ್ ಆಮೇಲೂ ಬರ್ತಾವ.

(4/7)

ಈಗ ನನ್ನ ಉತ್ತರ. ಸಗರನಾಡಿಗೆ ಬರೋಕೆ ಸರಿಯಾದ ಕಾಲ ದಸರಾ ಮುಗಿದಾಗಿನಿಂದ ಸಂಕ್ರಾಂತಿವರೆಗೆ.

ಅಕ್ಟೋಬರ್ ಕೊನೆಗೆ ಮಳೆ ಹಿಂದೆ ಸರೀತದ. ಹತ್ತಿ ಒಡೆದು ಎರೆಹೊಲ ಬಿಳಿಬಿಳಿ ಕಾಣ್ತದ. ತೊಗರಿ ಹಳದಿ ಹೂವಿಗೆ ಬಂದಿರ್ತದ. ಕಾಲುವೆ ನೀರಿರೋ ಕಡೆ ಭತ್ತ. ಯಾದಗಿರಿ ಕೋಟೆ ಹತ್ತೋಕೆ ಮೇ ತಿಂಗಳಲ್ಲಿ ಯಾರಿಗೆ ಧೈರ್ಯ? ನವೆಂಬರ್‌ನಲ್ಲಿ ಮುಂಜಾನೆ ಹತ್ತಿದರೆ ಒಂದು ಕಡೆ ಊರು, ಇನ್ನೊಂದು ಕಡೆ ಭೀಮಾ ಹೊಳೆ ತಣ್ಣಗೆ ಕೂತು ನೋಡಬಹುದು.

ಸುರಪುರಕ್ಕೆ ಹೋಗ್ರಿ. 1858ರಲ್ಲಿ ಬ್ರಿಟಿಷರಿಗೆ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕರ ಊರು. ಗುಡ್ಡದ ಮೇಲೆ ಟೇಲರ್ ಮಂಜಿಲ್ ಅದ. ಫಿಲಿಪ್ ಮೆಡೋಸ್ ಟೇಲರ್ ಇಲ್ಲಿ ಅಧಿಕಾರಿಯಾಗಿ ವರ್ಷಗಟ್ಟಲೆ ಇದ್ದವರು, ವೆಂಕಟಪ್ಪ ನಾಯಕರನ್ನ ಚಿಕ್ಕವರಿದ್ದಾಗಿನಿಂದ ಬಲ್ಲವರು. ಇಷ್ಟು ದೊಡ್ಡ ಕಥೆ ಇರೋ ಊರನ್ನ ನೆತ್ತಿ ಸುಡೋ ಬಿಸಿಲಲ್ಲಿ ಹತ್ತು ನಿಮಿಷ ನೋಡಿ "ಜ್ಯೂಸ್ ಎಲ್ಲಿ ಸಿಗ್ತದ" ಅಂತ ಕೇಳೋದು ಅನ್ಯಾಯ.

ಸುರಪುರದ ಹತ್ತಿರವೇ ಬೋನಾಳ ಕೆರೆ. ನಾಯಕರ ಕಾಲದ ಕೆರೆ, ಈಗ ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರ್ತಾವ. ದಖ್ಖನ್ ಕೆರೆಗಳಿಗೆ ಬರೋ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರೋ ಹಕ್ಕಿ. ಅದಕ್ಕೆ ಗೊತ್ತದ ಯಾವಾಗ ಬರಬೇಕು, ಯಾವಾಗ ಹೋಗಬೇಕು ಅಂತ. ನಮಗಷ್ಟೇ ಗೊತ್ತಿಲ್ಲ.

ಡಿಸೆಂಬರ್–ಜನವರಿಯಲ್ಲಿ ಎಳ್ಳಮಾಸಿ ಬರ್ತದ. ಅವತ್ತು ಊರೊಳಗೆ ಯಾರೂ ಇರಲ್ಲ, ಎಲ್ಲಾರೂ ಹೊಲದಲ್ಲಿ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ ಆಮೇಲೆ ನಾವು ಊಟಕ್ಕೆ ಕೂಡೋದು. ದಾರಿಯಲ್ಲಿ ಹೋಗೋರನ್ನೂ ಕರೆದು ಕೂಡಿಸ್ತಾರ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಭಂಡಾರದಲ್ಲಿ ಗುಡ್ಡವೇ ಹಳದಿ. ಆಮೇಲೆ ಎಳೆ ಜೋಳದ ತೆನೆ ಸುಟ್ಟು ತಿನ್ನೋ ಸೀತನಿ. ಇದನ್ನ ಯಾವ ಹೋಟೆಲ್‌ನೂ ಮೇ ತಿಂಗಳಲ್ಲಿ ಕೊಡೋಕಾಗಲ್ಲ.

(5/7)

ಹಂಗಿದ್ರೆ ಎಲ್ಲಾರೂ ಮೇ ತಿಂಗಳಲ್ಲೇ ಯಾಕೆ ಬರ್ತಾರ? ಶಾಲೆ ರಜೆ. ಅಷ್ಟೇ. ಮಕ್ಕಳಿಗೆ ಏಪ್ರಿಲ್–ಮೇನಲ್ಲಿ ಸೂಟಿ, ಮದುವೆಗಳೂ ಆಗಲೇ, ಅದಕ್ಕೆ ಊರೂ ಆಗಲೇ.

ಇದರಿಂದ ಏನಾಗ್ಯದ ನೋಡ್ರಿ. ನಮ್ಮ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗೆ ಹೋಗಿ ನೆಲೆಸಿದವರ ಮಕ್ಕಳಿಗೆ "ಊರು" ಅಂದ್ರೆ 40 ಡಿಗ್ರಿ ದಾಟಿದ ಬಿಸಿಲು, ಕರೆಂಟ್ ಹೋದ ಮಧ್ಯಾಹ್ನ, ಒಣಗಿದ ಹೊಲ, ಟ್ಯಾಂಕರ್ ನೀರು. ಅವರು ಊರನ್ನ ಅದರ ಅತಿ ಕಷ್ಟದ ತಿಂಗಳಲ್ಲಿ ನೋಡಿ, ವರ್ಷವಿಡೀ ಹಿಂಗೇ ಇರ್ತದ ಅಂತ ತಿಳೀತಾರ. ದೊಡ್ಡವರಾದ ಮೇಲೆ ಬರೋದು ಬಿಡ್ತಾರ. ಆಮೇಲೆ ಹೊಲ ಮಾರೋ ಮಾತು ಬಂದಾಗ "ಅಲ್ಲಿ ಏನದ ಅಂತ ಇಟ್ಕೋಬೇಕು" ಅಂತಾರ.

ನಮ್ಮ ಮನೆಯಲ್ಲಿ ಹೋದ ವರ್ಷ ಇದೇ ಮಾತು ಬಂತು. ಆಯಿ ಒಂದೇ ಮಾತು ಅಂದಳು: "ಹೊಲ ಮಾರೂದಿದ್ರ ಮಾರ್ರಿ. ಆದ್ರ ಒಂದ್ಸಲ ತೊಗರಿ ಹೂ ಬಿಟ್ಟಾಗ ಬಂದು ನೋಡಿ ಆಮ್ಯಾಲ ಮಾರ್ರಿ." ಯಾರೂ ಮಾತಾಡಲಿಲ್ಲ. ಯಾಕಂದ್ರೆ ಫೋನ್‌ನಲ್ಲಿದ್ದ ಅರ್ಧ ಮಂದಿ ತೊಗರಿ ಹೂವೇ ನೋಡಿರಲಿಲ್ಲ.

ಅದಕ್ಕೇ ಸೀಸನ್ ಅನ್ನೋದು ನನಗೆ ಬರೀ ಟೂರಿಸಂ ವಿಷಯ ಅನ್ನಿಸ್ತಿಲ್ಲ.

(6/7)

ಈಗ ಕಾಮೆಂಟ್‌ನಲ್ಲಿ ಬರೋ ಜಗಳಕ್ಕೆ ಮೊದಲೇ ಉತ್ತರ ಕೊಡ್ತೀನಿ.

"ಎಲ್ಲಾರಿಗೂ ಸೀಸನ್ ನೋಡಿ ಬರೋ ನಸೀಬು ಇರ್ತದೇನು?" ಖರೇ ಅದ. ಗುಳೆ ಹೋದವರ ಮಕ್ಕಳು ನಮ್ಮ ಕ್ಲಾಸಲ್ಲೇ ಇದ್ದರು. ಸುಗ್ಗಿ ಮುಗಿದ ಮೇಲೆ ಅವರಪ್ಪ–ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೆ, ಬರೋದು ಹಬ್ಬಕ್ಕೋ ಜಾತ್ರೆಗೋ ಬಿತ್ತನೆಗೋ. ಅವರಿಗೆ ಮೇಸ್ತ್ರಿ ರಜೆ ಕೊಟ್ಟಾಗಲೇ ಸೀಸನ್. ಅವರಿಗೆ ನಾನು ಯಾವ ಸಲಹೆನೂ ಕೊಡಲ್ಲ. ಅವರು ಯಾವಾಗ ಬಂದರೂ ಅದೇ ಊರಿಗೆ ಒಳ್ಳೆ ಕಾಲ. ನಾನು ಮಾತಾಡ್ತಿರೋದು ಸಂಬಳದ ರಜೆ ಇರೋರಿಗೆ, ಟ್ರಿಪ್ ಪ್ಲಾನ್ ಮಾಡೋ ನಮ್ಮಂಥ ಹುಡುಗ ಹುಡುಗಿಯರಿಗೆ.

"ಮೇನಲ್ಲೇ ಬರಬೇಕಾದರೆ?" ಬರ್ರಿ, ಯಾರು ಬ್ಯಾಡ ಅಂದ್ರು. ಆದರೆ ಊರಿನ ಟೈಮಿಗೆ ಹೊಂದಿಕೊಳ್ರಿ. ಏಪ್ರಿಲ್–ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಮುಂಜಾನೆ 8ರಿಂದ ಮಧ್ಯಾಹ್ನ 1:30ರ ತನಕ ನಡೀತಾವ. ಸರ್ಕಾರವೇ ಬಿಸಿಲಿಗೆ ತಲೆಬಾಗಿದ ಮೇಲೆ ನಿಮ್ಮದೇನು? ಐದಕ್ಕೆ ಏಳ್ರಿ, ಹತ್ತರೊಳಗೆ ಸುತ್ತಾಟ ಮುಗಿಸ್ರಿ, ಮಧ್ಯಾಹ್ನ ಮಜ್ಜಿಗೆ ಕುಡಿದು ಮಲಗ್ರಿ, ಸಂಜೆ ಆರರ ಮೇಲೆ ಹೊರಗೆ ಬರ್ರಿ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸ್ಕೊಂಡು ಚುಕ್ಕಿ ನೋಡ್ತಾ ಮಲಗೋ ಸುಖ ಮೇ ತಿಂಗಳಿಗೇ ಮೀಸಲು. ನಾನು ಬೇಸಿಗೆಯನ್ನ ಬೈತಿಲ್ಲ. ಬೇಸಿಗೆ ಒಂದನ್ನೇ ನೋಡಿ ತೀರ್ಪು ಕೊಡೋರನ್ನ ಬೈತಿದ್ದೀನಿ.

"ದಸರಾ ರಜೆ ಸಣ್ಣದು." ಸಣ್ಣದು, ಹೌದು. ಆದರೆ ಅದರಲ್ಲೇ ಮೈಸೂರು, ಗೋವಾ ಆಗ್ತದ, ಊರು ಯಾಕೆ ಆಗಲ್ಲ? ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಯಾದಗಿರಿ.

(7/7)

ಕೊನೇ ಮಾತು. ನಮ್ಮ ತಪ್ಪೂ ಅದ. ನಾವೇ ಊರಿನ ಮೇ ತಿಂಗಳ ಫೋಟೊಗಳನ್ನ "ಯಪ್ಪಾ ಬಿಸಿಲು" ಅಂತ ಸ್ಟೋರಿ ಹಾಕ್ತೀವಿ. ಅಕ್ಟೋಬರ್‌ನಲ್ಲಿ ಹೊಲ ಹಸಿರಿದ್ದಾಗ ನಮ್ಮ ಫೋನ್‌ನಲ್ಲಿ ಬೇರೆ ಊರಿನ ಬೆಟ್ಟ, ಬೇರೆ ಊರಿನ ಬೀಚ್. ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಡಿಸೆಂಬರ್ 30ಕ್ಕೆ. ನಮ್ಮಲ್ಲಿ ಕೆಲವರಿಗಿಂತ ಸಣ್ಣ ವಯಸ್ಸಿನ ಜಿಲ್ಲೆ. ಅದರ ಚಿತ್ರ ಹೊರಗಿನವರ ಕಣ್ಣಲ್ಲಿ ಹೆಂಗಿರಬೇಕು ಅನ್ನೋದು ಸ್ವಲ್ಪ ನಮ್ಮ ಕೈಯಲ್ಲೂ ಅದ.

ಬೇರೆ ಊರಿಗೆ ಹೋಗುವಾಗಲೂ ಇದನ್ನೇ ಮಾಡ್ರಿ. ಅಲ್ಲಿ ಯಾವ ತಿಂಗಳು ಯಾವ ಮಳೆ, ಯಾವ ಬೆಳೆ, ಯಾವ ಹಬ್ಬ ಅಂತ ಅಲ್ಲಿನವರೊಬ್ಬರಿಗೆ ಕೇಳಿ ಹೋಗ್ರಿ. ನಮ್ಮ ರಜೆಗೆ ಹವಾಮಾನ ಹೊಂದಿಕೊಳ್ಳಲ್ಲ, ನಾವೇ ಹೊಂದಿಕೊಳ್ಳಬೇಕು.

ನಮ್ಮ ದೊಡ್ಡಪ್ಪನ ಮಗಳಿಗೆ ಈ ಎರಡು ಫೋಟೊ ಕಳಿಸಿದೆ. "ಇದು ಎಲ್ಲಿ?" ಅಂದಳು. "ನಿಮ್ಮೂರು" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಎಳ್ಳಮಾಸಿ ಈ ವರ್ಷ ಯಾವಾಗ?" ಅಂತ ಕೇಳಿದಳು. ಆಯಿಗೆ ಹೇಳಿದೆ. ಆಯಿ ಆಗಲೇ ಸಜ್ಜಿ ಎಷ್ಟು ಬೀಸಿಸಬೇಕು ಅಂತ ಲೆಕ್ಕ ಶುರು ಮಾಡ್ಯಾಳ.

ನೀವು ನಿಮ್ಮೂರನ್ನ ಯಾವ ತಿಂಗಳಲ್ಲಿ ನೋಡಿಲ್ಲ? ಕಾಮೆಂಟ್‌ನಲ್ಲಿ ಹೇಳ್ರಿ. ಬೆಂಗಳೂರು, ಪುಣೆಯಲ್ಲಿರೋ ಕಸಿನ್‌ಗಳನ್ನ ಟ್ಯಾಗ್ ಮಾಡ್ರಿ. ಸೇವ್ ಮಾಡಿ ಇಟ್ಕೊಳ್ರಿ, ದಸರಾ ಹತ್ತಿರ ಬಂದಾಗ ಮತ್ತೊಮ್ಮೆ ಓದ್ರಿ.

#ಸಗರನಾಡು #ಯಾದಗಿರಿ #ಶಹಾಪುರ #ಸುರಪುರ #ಮಲಗಿದಬುದ್ಧ #ಎಳ್ಳಮಾಸಿ #ಊರಿಗೆಬರ್ರಿ