ಅಳಿಸುವುದಲ್ಲ, ವಿಂಗಡಿಸುವುದು ನ್ಯಾಯ

ಊಟದ ಹೋಟೆಲಿನಿಂದ ಹಿಡಿದು ಆಸ್ಪತ್ರೆಯವರೆಗೆ, ಮೊಬೈಲ್ ಆ್ಯಪ್‌ನಿಂದ ಹಿಡಿದು ಮಲೆನಾಡಿನ ಹೋಂಸ್ಟೇವರೆಗೆ ಇಂದು ಎಲ್ಲಕ್ಕೂ ನಕ್ಷತ್ರಗಳ ಅಂಕ ಬಿದ್ದಿದೆ. ಒಂದರಿಂದ ಐದರವರೆಗಿನ ಈ ಅಂಕವನ್ನು ನೋಡಿಯೇ ಎಲ್ಲಿ ತಂಗಬೇಕು, ಏನನ್ನು ಕೊಳ್ಳಬೇಕು ಎಂದು ಜನ ತೀರ್ಮಾನಿಸುತ್ತಾರೆ. ಇದರ ಜೊತೆಗೆ, ಯಾವುದೋ ಘಟನೆಯಿಂದ ಕೆರಳಿದ ಸಾವಿರಾರು ಮಂದಿ ಒಂದೆರಡು ದಿನಗಳಲ್ಲೇ ಒಂದು ಸಂಸ್ಥೆಯ ಪುಟಕ್ಕೆ ನುಗ್ಗಿ, ಒಂದೇ ನಕ್ಷತ್ರ ಕೊಟ್ಟು ಹೋಗುವ ಪರಿಪಾಠವೂ ಬೆಳೆದಿದೆ. ಹೀಗೆ ರಾಶಿ ಬಿದ್ದ ಪ್ರತಿಕೂಲ ಅಭಿಪ್ರಾಯಗಳನ್ನು ಅಂತರ್ಜಾಲ ವೇದಿಕೆಗಳು ಅಳಿಸಿಹಾಕಬೇಕೇ? ಇದು ಪೇಟೆಯವರ ಪ್ರಶ್ನೆಯೆಂದು ಪರಿಸರ ಕಾರ್ಯಕರ್ತರು ಸುಮ್ಮನಿರುವಂತಿಲ್ಲ. ಹಲವರು ಕೂಡಿ ದನಿಯೆತ್ತುವುದೇ ನಮ್ಮ ಬಲ. ಒಟ್ಟಾಗಿ ಹೇಳಿದ್ದೆಲ್ಲ ಕಸವೆಂಬ ತೀರ್ಮಾನ ಎಲ್ಲಿಯಾದರೂ ಬೇರೂರಿದರೆ ಅದರ ಪೆಟ್ಟು ನಮಗೂ ಬೀಳುತ್ತದೆ.

ಮೊದಲು ನಮ್ಮ ಮನಸ್ಸಿಗೆ ಹತ್ತಿರವಾದ ಉದಾಹರಣೆಯನ್ನೇ ನೋಡೋಣ. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸೆಸಿಲ್ ಎಂಬ ಸಿಂಹ ಮೋಜಿನ ಬೇಟೆಗೆ ಬಲಿಯಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೊರಳಪಟ್ಟಿ ತೊಡಿಸಿ ಅಧ್ಯಯನ ನಡೆಸುತ್ತಿದ್ದ ಸಿಂಹವದು. ಬೇಟೆಯಾಡಿದಾತ ಅಮೆರಿಕದ ಮಿನ್ನೆಸೋಟ ರಾಜ್ಯದ ಒಬ್ಬ ದಂತವೈದ್ಯ. ಸುದ್ದಿ ಹರಡುತ್ತಿದ್ದಂತೆ ಯೆಲ್ಪ್ ಜಾಲತಾಣದಲ್ಲಿದ್ದ ಆತನ ಚಿಕಿತ್ಸಾಲಯದ ಪುಟದಲ್ಲಿ ಒಂದು ನಕ್ಷತ್ರದ ಅಭಿಪ್ರಾಯಗಳು ಸಾವಿರಗಟ್ಟಲೆ ತುಂಬಿದವು. ಬರೆದವರಲ್ಲಿ ಹೆಚ್ಚಿನವರು ಆತನಿಗೆ ಎಂದೂ ಹಲ್ಲು ತೋರಿಸಿದವರಲ್ಲ. ಗ್ರಾಹಕನ ನೇರ ಅನುಭವವನ್ನು ಆಧರಿಸದ ಬರಹಕ್ಕೆ ಅಲ್ಲಿ ಜಾಗವಿಲ್ಲವೆಂಬ ನಿಯಮದಂತೆ ಯೆಲ್ಪ್ ಅವುಗಳನ್ನು ತೆಗೆದುಹಾಕಿತು. ನಮ್ಮ ಮನಸ್ಸು ಸಿಂಹದ ಕಡೆಗಿದ್ದರೂ ಆ ನಿಯಮದಲ್ಲಿ ತಪ್ಪು ಹುಡುಕುವುದು ಕಷ್ಟ. ಹಲ್ಲುನೋವಿನಿಂದ ಬಳಲುತ್ತ ಆ ಪುಟವನ್ನು ತೆರೆಯುವವನಿಗೆ ಬೇಕಾಗಿರುವುದು ಚಿಕಿತ್ಸೆಯ ಗುಣಮಟ್ಟದ ಮಾಹಿತಿ.

ಎರಡನೆಯ ಉದಾಹರಣೆ ನಮ್ಮ ದೇಶದ್ದೇ. 2020ರ ಮೇ ತಿಂಗಳಲ್ಲಿ, ಟಿಕ್‌ಟಾಕ್ ಕಲಾವಿದರನ್ನು ಮೂದಲಿಸಿದ್ದ ಜನಪ್ರಿಯ ವಿಡಿಯೊ ಒಂದನ್ನು ನಿಯಮ ಮೀರಿದ ಕಾರಣಕ್ಕೆ ಯೂಟ್ಯೂಬ್ ತೆಗೆದುಹಾಕಿತು. ಅದನ್ನು ತಯಾರಿಸಿದವನ ಅಭಿಮಾನಿಗಳ ಸಿಟ್ಟು ಟಿಕ್‌ಟಾಕ್ ಮೇಲೆ ತಿರುಗಿತು. ಅದೇ ತಿಂಗಳು, ಮಹಿಳೆಯ ಮೇಲಿನ ಆ್ಯಸಿಡ್ ದಾಳಿಯನ್ನು ವೈಭವೀಕರಿಸುವಂತಿದ್ದ ಟಿಕ್‌ಟಾಕ್ ವಿಡಿಯೊ ಒಂದರ ವಿರುದ್ಧ ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷೆಯೇ ದನಿಯೆತ್ತಿದರು. ಗೂಗಲ್‌ನ ಪ್ಲೇ ಸ್ಟೋರ್‌ನಲ್ಲಿ ನಾಲ್ಕರ ಮೇಲಿದ್ದ ಟಿಕ್‌ಟಾಕ್ ಅಂಕ ಒಂದೂಕಾಲರ ಆಸುಪಾಸಿಗೆ ಕುಸಿಯಿತು. ಗೂಗಲ್ ದಶಲಕ್ಷಗಟ್ಟಲೆ ಅಭಿಪ್ರಾಯಗಳನ್ನು ಅಳಿಸಿತು. ಆ ರಾಶಿಯಲ್ಲಿ ಅಭಿಮಾನಿಗಳ ಜಗಳವೂ ಇತ್ತು, ಹೆಣ್ಣುಮಕ್ಕಳ ಸುರಕ್ಷತೆಯ ಬಗೆಗಿನ ನಿಜವಾದ ಕಳವಳವೂ ಇತ್ತು. ಯಾವುದು ಎಷ್ಟಿತ್ತೆಂದು ಇನ್ನು ಹೊರಗಿನವರಾರೂ ಎಣಿಸಿ ನೋಡುವಂತಿಲ್ಲ.

ಮೂರನೆಯದು ಇನ್ನೂ ಸ್ಪಷ್ಟ. 2021ರ ಜನವರಿ 28ರಂದು ಅಮೆರಿಕದ ರಾಬಿನ್‌ಹುಡ್ ಎಂಬ ಷೇರು ವ್ಯವಹಾರದ ಆ್ಯಪ್, ಗೇಮ್‌ಸ್ಟಾಪ್ ಮೊದಲಾದ ಕಂಪನಿಗಳ ಷೇರು ಕೊಳ್ಳುವುದಕ್ಕೆ ಏಕಾಏಕಿ ತಡೆಯೊಡ್ಡಿತು. ಕೆರಳಿದವರಲ್ಲಿ ಅದರ ಗ್ರಾಹಕರೇ ಅಪಾರ ಸಂಖ್ಯೆಯಲ್ಲಿದ್ದರು. ಅವರ ದೂರು ಅವರು ಬಳಸುವ ಸೇವೆಯ ಬಗ್ಗೆಯೇ ಇತ್ತು. ಗೂಗಲ್ ಸುಮಾರು 1 ಲಕ್ಷ ಅಭಿಪ್ರಾಯಗಳನ್ನು ಅಳಿಸಿತು. ಒಂದಕ್ಕೆ ಇಳಿದಿದ್ದ ಅಂಕ ಮತ್ತೆ ನಾಲ್ಕನ್ನು ದಾಟಿತು. ಹೊಸದಾಗಿ ಆ ಆ್ಯಪ್ ಹುಡುಕಿ ಬಂದವನಿಗೆ ಹಿಂದಿನ ದಿನ ಏನು ನಡೆಯಿತೆಂಬ ಸುಳಿವೂ ಉಳಿಯಲಿಲ್ಲ.

ಈ ಮೂರೂ ಸಂದರ್ಭಗಳಲ್ಲಿ ಬಳಸಿದ್ದು ಒಂದೇ ಪೊರಕೆ. ಆದರೆ ಗುಡಿಸಿದ್ದು ಒಂದೇ ಬಗೆಯ ವಸ್ತುವನ್ನಲ್ಲ. ಮೊದಲನೆಯದರಲ್ಲಿ ಬರೆದವರಿಗೆ ಆ ಸೇವೆಯ ಅನುಭವವಿರಲಿಲ್ಲ. ಎರಡನೆಯದರಲ್ಲಿ ಕಾಳೂ ಜೊಳ್ಳೂ ಬೆರೆತಿದ್ದವು. ಮೂರನೆಯದರಲ್ಲಿ ಅನುಭವಿಸಿದವರದೇ ದೊಡ್ಡ ಪಾಲು. ಆದ್ದರಿಂದ ಅಭಿಪ್ರಾಯಗಳು ಒಟ್ಟಿಗೆ ಬಂದವು, ಬಹಳ ಬಂದವು, ಎಲ್ಲವೂ ಪ್ರತಿಕೂಲವಾಗಿದ್ದವು ಎಂಬುದೇ ಅಳಿಸಲು ಕಾರಣವಾಗಬಾರದು. ಹೊಳೆಯ ನೀರು ಕೆಟ್ಟ ದಿನ ಇಡೀ ಊರು ಒಂದೇ ದಿನ ದೂರು ಕೊಡುತ್ತದೆ. ಅದು ಸಂಚಿನ ಲಕ್ಷಣವಲ್ಲ, ನೀರು ಕೆಟ್ಟಿದ್ದರ ಲಕ್ಷಣ.

ವೇದಿಕೆಗಳ ವಾದದಲ್ಲಿಯೂ ತಿರುಳಿದೆ. ಯಾರದೋ ವೈಷಮ್ಯದಿಂದ ಹೊರಟ ಒಂದು ಸುಳ್ಳು ಸುದ್ದಿ ಸಣ್ಣ ಖಾನಾವಳಿಯನ್ನು ವಾರದೊಳಗೆ ಮುಚ್ಚಿಸಬಲ್ಲದು. ದುಡಿಯುವ ಹತ್ತು ಜನರ ಅನ್ನಕ್ಕೆ ಅದು ಕಲ್ಲು. 2017ರಲ್ಲಿ ಸ್ನ್ಯಾಪ್‌ಚಾಟ್ ಕಂಪನಿಯ ಮುಖ್ಯಸ್ಥರು ಭಾರತವನ್ನು ಹೀಗಳೆದರೆಂಬ ಆರೋಪದಿಂದ ಸಿಟ್ಟಾದವರಲ್ಲಿ ಕೆಲವರು ಹೆಸರಿನ ಸಾಮ್ಯದಿಂದ ಮೋಸಹೋಗಿ, ಸಂಬಂಧವೇ ಇಲ್ಲದ ಸ್ನ್ಯಾಪ್‌ಡೀಲ್ ಮೇಲೆ ಒಂದು ನಕ್ಷತ್ರದ ಮಳೆ ಸುರಿಸಿದ್ದರು. ಗುಂಪಿನ ಕೋಪಕ್ಕೆ ಕಣ್ಣು ಮಂಜಾಗುವುದೂ ಉಂಟು ಎಂಬುದನ್ನು ಅಲ್ಲಗಳೆಯಲಾಗದು.

ಹಾಗಾದರೆ ದಾರಿ ಯಾವುದು? ಅಡಿಕೆ ಮಂಡಿಯಲ್ಲಿ ರಾಶಿಯೊಳಗೆ ಗೊರಬಲು ಸೇರಿದೆಯೆಂದು ಇಡೀ ರಾಶಿಯನ್ನು ಯಾರೂ ಹೊಳೆಗೆ ಸುರಿಯುವುದಿಲ್ಲ. ಬೇರ್ಪಡಿಸಿ ಅದರದರ ಬೆಲೆ ಕಟ್ಟುತ್ತಾರೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ವೇದಿಕೆ ಇದನ್ನೇ ಮಾಡಿ ತೋರಿಸಿದೆ. 2017ರಲ್ಲಿ ಅದು ಯಾವ ದಿನಗಳಲ್ಲಿ ಎಷ್ಟು ಅಭಿಪ್ರಾಯ ಬಂತೆಂಬ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಇರಿಸಿತು. 2019ರಿಂದ, ಆಟಕ್ಕೆ ಸಂಬಂಧಪಡದ ಕಾರಣಕ್ಕೆ ಬಂದ ಪ್ರವಾಹವನ್ನು ಒಟ್ಟು ಅಂಕದ ಲೆಕ್ಕದಿಂದ ಹೊರಗಿಟ್ಟು, ಬರಹಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ರಮ ತಂದಿತು. ಓದುವವನು ಬಯಸಿದರೆ ಅವನ್ನೂ ಸೇರಿಸಿ ಅಂಕ ನೋಡಬಹುದು. ನಮ್ಮ ದೇಶದಲ್ಲಿಯೂ 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊದ ಐಎಸ್ 19000 ಎಂಬ ಮಾನದಂಡ ಹೊರಬಂತು. ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ವಿಧಾನದಲ್ಲಿ ಪಾರದರ್ಶಕತೆ ಇರಬೇಕೆಂಬುದು ಅದರ ತತ್ತ್ವಗಳಲ್ಲೊಂದು. ಆದರೆ ಅದನ್ನು ಐಚ್ಛಿಕವಾಗಿಯೇ ಜಾರಿಗೆ ತರಲಾಯಿತು.

ನಮ್ಮ ಅಭಿಪ್ರಾಯ ಇಷ್ಟು. ಬೆದರಿಕೆ, ಅಶ್ಲೀಲ ನಿಂದೆ, ಯಾರದೋ ಮನೆಯ ವಿಳಾಸ, ಯಂತ್ರಗಳಿಂದ ಬರೆಸಿದ ಸುಳ್ಳು ಖಾತೆಗಳ ಬರಹ ಇವುಗಳನ್ನು ತಡಮಾಡದೆ ತೆಗೆಯಬೇಕು. ಉಳಿದುದನ್ನು ಅಳಿಸದೆ, ಗುರುತು ಹಾಕಿ ಪ್ರತ್ಯೇಕವಾಗಿ ಇರಿಸಬೇಕು. ತೆಗೆದದ್ದು ಎಷ್ಟು, ಯಾವ ಕಾರಣಕ್ಕೆ ಎಂಬುದು ಅದೇ ಪುಟದಲ್ಲಿ ಕಾಣಬೇಕು. ಬರೆದವನಿಗೆ ತಿಳಿವಳಿಕೆ ಹೋಗಬೇಕು. ಮರುಪರಿಶೀಲನೆ ಕೇಳುವ ಅವಕಾಶವಿರಬೇಕು. ಹಣ ಕೊಟ್ಟು ಬರೆಸಿಕೊಂಡ ಐದು ನಕ್ಷತ್ರಗಳ ಹೊಗಳಿಕೆಗೂ ಇದೇ ಅಳತೆಗೋಲು ಅನ್ವಯಿಸಬೇಕು. ಬೈಗುಳದ ಪ್ರವಾಹಕ್ಕೆ ಒಡ್ಡು ಕಟ್ಟಿ, ಹೊಗಳಿಕೆಯ ಪ್ರವಾಹಕ್ಕೆ ತೂಬು ತೆರೆದಿಡುವುದು ಸಲ್ಲದು.

ಇದು ಆ್ಯಪ್‌ಗಳಿಗೆ ಮಾತ್ರ ಸೀಮಿತವಾದ ಮಾತಲ್ಲ ಎಂಬುದಕ್ಕೆ 2020ರ ಇನ್ನೊಂದು ಪ್ರಸಂಗ ಸಾಕ್ಷಿ. ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು ಅಧಿಸೂಚನೆಯ ಬಗ್ಗೆ ಕೇಂದ್ರ ಸಚಿವಾಲಯವೇ ಜನರ ಆಕ್ಷೇಪಣೆ ಕೇಳಿತ್ತು. ಲಕ್ಷಗಟ್ಟಲೆ ಪತ್ರಗಳು ಹೋದವು. ಸಚಿವರ ಇ-ಮೇಲ್‌ಗೆ ಒಂದೇ ಬಗೆಯ ಪತ್ರಗಳು ಬಂದು ತುಂಬಿದವೆಂಬ ದೂರಿನ ಮೇಲೆ, ಯುವಜನರ ಫ್ರೈಡೇಸ್ ಫಾರ್ ಫ್ಯೂಚರ್ ಸಂಘಟನೆಯ ಭಾರತದ ಜಾಲತಾಣ ಜುಲೈನಲ್ಲಿ ಮುಚ್ಚಿತು. ದೆಹಲಿ ಪೊಲೀಸರು ಭಯೋತ್ಪಾದನೆ ತಡೆಯುವ ಕಾಯ್ದೆಯಡಿ ನೋಟಿಸು ಕೊಟ್ಟು, ಆಮೇಲೆ ಅದು ಅಚಾತುರ್ಯದಿಂದ ಹೋಯಿತೆಂದು ಹಿಂತೆಗೆದುಕೊಂಡರು. ಕೇಳಿದ್ದು ಜನಾಭಿಪ್ರಾಯ; ಅದು ಬಂದಾಗ ಹೆಚ್ಚಾಯಿತೆಂಬ ದೂರು! ಒಂದೇ ಒಕ್ಕಣೆಯ ಮನವಿಗೆ ಸಾವಿರ ಹೆಬ್ಬೆಟ್ಟು ಒತ್ತಿದ ಕಾಲದಿಂದಲೂ ನಮಗೆ ಈ ಮಾತು ಹೊಸದಲ್ಲ. ಒಕ್ಕಣೆ ಒಂದೇ ಆದರೂ ಹೆಬ್ಬೆಟ್ಟು ಒಬ್ಬೊಬ್ಬರದು.

ಹಾಗೆಂದು ನಮ್ಮ ಪಾಲಿನ ಹೊಣೆಯನ್ನು ಮರೆಯಬಾರದು. ಹಳ್ಳದ ದಂಡೆ ಒತ್ತಿದ ರೆಸಾರ್ಟಿಗೆ ನೂರಾರು ಗೆಳೆಯರಿಂದ ಒಂದು ನಕ್ಷತ್ರ ಹಾಕಿಸೋಣ ಎಂಬ ಸಲಹೆ ನಮ್ಮ ತರುಣ ಮಿತ್ರರಿಂದಲೂ ಆಗಾಗ ಬರುತ್ತದೆ. ಅಲ್ಲಿ ತಂಗಿದವರು, ಆ ಹಳ್ಳದ ನೀರು ಬಳಸುವವರು ಕಂಡದ್ದನ್ನು ದಿನಾಂಕ ಸಮೇತ ಬರೆಯಲಿ. ಅದು ಅವರ ಹಕ್ಕು. ಆ ಊರನ್ನೇ ನೋಡದವರ ಕೈಯಿಂದ ಬರೆಸಬೇಡಿ. ಹಾಗೆ ಬರೆಸಿದರೆ ಹಳ್ಳದ ದಂಡೆಯವರ ಸತ್ಯವೂ ಅದೇ ರಾಶಿಯಲ್ಲಿ ಸೇರಿ ಅಳಿದುಹೋಗುತ್ತದೆ.

ಸೆಸಿಲ್ ಪ್ರಕರಣದ ಕೊನೆಯ ಭಾಗ ಇಲ್ಲಿ ನೆನೆಯತಕ್ಕದ್ದು. ಜನರ ಆಕ್ರೋಶ ವ್ಯರ್ಥವಾಗಲಿಲ್ಲ. 2015ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರಮುಖ ವಿಮಾನ ಕಂಪನಿಗಳು ಬೇಟೆಯ ಸಿಂಹಗಳ ತಲೆ, ಚರ್ಮ ಸಾಗಿಸುವುದನ್ನು ನಿಲ್ಲಿಸಿದವು. ಅದೇ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಆಫ್ರಿಕಾದ ಸಿಂಹಗಳನ್ನು ತನ್ನ ವಿನಾಶದಂಚಿನ ಜೀವಿಗಳ ಕಾಯ್ದೆಯ ರಕ್ಷಣೆಗೆ ತಂದಿತು. ಆ ನಿರ್ಧಾರದ ಹಿಂದಿದ್ದ ಕಡತ 2011ರಲ್ಲಿ ವನ್ಯಜೀವಿ ಸಂಘಟನೆಗಳು ಸಲ್ಲಿಸಿದ್ದ ಮನವಿಯಿಂದ ಶುರುವಾಗಿತ್ತು. ಯೆಲ್ಪ್ ಪುಟದ ನಕ್ಷತ್ರಗಳು ಅಳಿದವು, ಕಡತ ಉಳಿಯಿತು.

ಆದ್ದರಿಂದ ಮಿತ್ರರೇ, ವೇದಿಕೆಗಳು ಜನರ ಮಾತನ್ನು ಸದ್ದಿಲ್ಲದೆ ಅಳಿಸುವುದನ್ನು ವಿರೋಧಿಸೋಣ. ಅದರೊಂದಿಗೆ, ನಮ್ಮ ದೂರಿನ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಲಿ. ಸ್ವೀಕೃತಿಯ ಮೊಹರು ಬಿದ್ದ ಇನ್ನೊಂದು ಪ್ರತಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರಲಿ.